ಸೈನ್ಯ ಬಿಟ್ಟ ಮೇಲೆ

ಗಿರಿನಗರದ ಸೀತಾ ಸರ್ಕಲ್ ಹತ್ತಿರ ನಾನಿರೋ ಅಪಾರ್ಟ್‌ಮೆಂಟಿನ ಗೇಟಲ್ಲಿ ಕೂರೋರು ಒಬ್ಬ ನಿವೃತ್ತ ಹವಾಲ್ದಾರ್. ಹಾಸನದ ಕಡೆಯವರು. 24 ವರ್ಷ ಸೇನೆಯಲ್ಲಿದ್ದು 43ಕ್ಕೆ ಹೊರಗೆ ಬಂದವರು. ಮೊನ್ನೆ ರಾತ್ರಿ ಆಫೀಸಿಂದ ತಡವಾಗಿ ಬಂದಾಗ, "ಮಾರ್ಚ್‌ವರೆಗೆ ಅಷ್ಟೇ ಸರ್, ಆಮೇಲೆ ಬೇರೆ ಯಾರಾದ್ರೂ ಬರ್ತಾರೆ" ಅಂದರು. ಯಾಕೆ ಅಂತ ಕೇಳಿದೆ.

"65 ಆಗುತ್ತಲ್ಲ."

ಕಾನೂನೇ ಹಾಗಿದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಗಾರ್ಡ್ ಕೆಲಸಕ್ಕೆ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದು ಅನ್ನುತ್ತೆ. 65 ತುಂಬಿದವರನ್ನ ತಗೋಬಾರದು ಅಂತಲೂ ಅದೇ ಕಾಯ್ದೆ ಹೇಳುತ್ತೆ. ಪೆನ್ಷನ್ ಬರುತ್ತೆ, ನಿಜ. ಆದರೆ ಮಗಳ ಮದುವೆ ಸಾಲದ ಕಂತು ಈ ಸಂಬಳದಲ್ಲೇ ಹೋಗ್ತಿರೋದು.

ಅವತ್ತು ರಾತ್ರಿ ನನ್ನ ತಲೆಗೆ ಬಂದಿದ್ದು 1799. ಶಾಲೆಯಲ್ಲಿ ನಮಗೆ ಆ ಪಾಠ ಮೇ 4ಕ್ಕೆ ಮುಗಿದುಹೋಗುತ್ತೆ. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಮುಂದಿನ ಅಧ್ಯಾಯ. ಮೇ 5ರಂದು ಅವನ ಸಿಪಾಯಿಗಳು ಏನು ಮಾಡಿದರು ಅಂತ ಯಾರೂ ಕೇಳಲ್ಲ. ಹೈದರನ ಕಾಲದಿಂದ ಯುದ್ಧ ಒಂದನ್ನೇ ಕಸುಬು ಮಾಡಿಕೊಂಡ ಸಾವಿರಾರು ಜನ. ಸಂಬಳ ಕೊಡೋ ದೊರೆ ಇಲ್ಲ, ಸೈನ್ಯವೂ ಇಲ್ಲ. ಕೈಯಲ್ಲಿ ಮಾತ್ರ ಇನ್ನೂ ಕತ್ತಿ ಇತ್ತು.

ಅವರನ್ನ ಕರೆದವನು ಧೋಂಡಿಯಾ ವಾಘ್. ಚನ್ನಗಿರಿಯವನು, ಹೈದರನ ಕುದುರೆ ಪಡೆಯಲ್ಲಿದ್ದವನು. ಟಿಪ್ಪು ಅವನನ್ನ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟಿದ್ದ. ಕೋಟೆ ಬಿದ್ದಾಗ ಹೊರಬಂದ ಧೋಂಡಿಯಾ ಬಿದನೂರಿನ ಕಡೆ ಹೋಗಿ, ಕೆಲಸ ಕಳಕೊಂಡ ಸಿಪಾಯಿಗಳನ್ನ ಸೇರಿಸತೊಡಗಿದ. ಬ್ರಿಟಿಷರು ಅದೇ ವರ್ಷ ಅವನನ್ನ ತುಂಗಭದ್ರೆಯಾಚೆ ಅಟ್ಟಿದರು. 1800ರಲ್ಲಿ ಇನ್ನೂ ದೊಡ್ಡ ಪಡೆ ಕಟ್ಟಿಕೊಂಡ. ತನ್ನನ್ನ 'ಎರಡೂ ಲೋಕದ ರಾಜ' ಅಂತ ಕರೆದುಕೊಂಡ. ಅವನ ಹಿಂದೆ ಹೋದವರೆಲ್ಲ ಆ ಬಿರುದು ನಂಬಿ ಹೋದರು ಅಂತ ನನಗನ್ನಿಸಲ್ಲ. ಬಹಳ ಜನಕ್ಕೆ ಬೇಕಿದ್ದಿದ್ದು ಸಂಬಳ.

ಅವನನ್ನ ಹಿಡಿಯೋಕೆ ಹೊರಟವನು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನ ಸೋಲಿಸಿದ ಅದೇ ವೆಲ್ಲೆಸ್ಲಿ. ರಾಣೆಬೆನ್ನೂರು, ಕುಂದಗೋಳ, ಡಂಬಳ ಅಂತ ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋನಗಲ್ ಬಳಿ ಧೋಂಡಿಯಾನನ್ನ ಮುಗಿಸಿದರು.

ಇತ್ತ ಮೈಸೂರಲ್ಲಿ ದಿವಾನ್ ಪೂರ್ಣಯ್ಯನವರು ಇದೇ ಸಮಸ್ಯೆಯನ್ನ ಬೇರೆ ರೀತಿ ನೋಡಿದರು. ಅವರೂ ಟಿಪ್ಪುವಿನ ಮಂತ್ರಿಯಾಗಿದ್ದವರೇ. ದೊರೆ ಹೋದರೂ ಹೊಸ ಸರ್ಕಾರದಲ್ಲಿ ಅವರಿಗೆ ಕೆಲಸ ಉಳಿದಿತ್ತು. ಹಳೆ ಸಿಪಾಯಿಗಳಿಗೆ ಕೆಲಸ ಕೊಟ್ಟರೇನೇ ರಾಜ್ಯ ತಣ್ಣಗಿರೋದು ಅಂತ ಅವರಿಗೆ ಗೊತ್ತಿತ್ತು. ಸ್ವಂತ ಕುದುರೆ, ಆಯುಧ ಇದ್ದವರನ್ನ ಸಿಲ್ಲೇದಾರ್ ಪಡೆಗೆ ತಗೊಂಡರು. ಕಾಲಾಳುಗಳನ್ನ ಕಂದಾಚಾರಕ್ಕೆ ಸೇರಿಸಿದರು. ಕಂದಾಚಾರ ಅಂದ್ರೆ ಊರು, ಕೋಟೆ, ದಾರಿ ಕಾಯೋ ಸ್ಥಳೀಯ ಪಡೆ. ಸಿಪಾಯಿ ತನ್ನ ಸೀಮೆಯಲ್ಲೇ ಇದ್ದು, ಬೇಸಾಯ ನೋಡಿಕೊಂಡು, ಕರೆದಾಗ ಬರಬಹುದಿತ್ತು. ಆಯಾ ಕೈಗೆ ಗೊತ್ತಿದ್ದ ಕೆಲಸವನ್ನೇ ಆಯಾ ಕೈಗೆ ಕೊಟ್ಟರು. 1803ರ ಮರಾಠಾ ಯುದ್ಧದಲ್ಲಿ ಈ ಸಿಲ್ಲೇದಾರರು ವೆಲ್ಲೆಸ್ಲಿಯ ಜೊತೆಗೇ ಹೋದರು. 1807ರ ಒಪ್ಪಂದದಲ್ಲಿ ಮೈಸೂರು 4,000 ಕುದುರೆ ಸವಾರರನ್ನ ಇಟ್ಟುಕೊಳ್ಳಬೇಕು ಅಂತಲೇ ಬರೆದರು.

ಧೋಂಡಿಯಾನ ಮಗ ಸಲಾಬತ್ ಖಾನ್ ಕಥೆನೂ ಕೇಳಿ. ತಂದೆ ಸತ್ತ ದಿನ ಅವನಿನ್ನೂ ಚಿಕ್ಕ ಹುಡುಗ. ವೆಲ್ಲೆಸ್ಲಿಯೇ ಅವನನ್ನ ಸಾಕಿಸಿದ, ಅವನ ಖರ್ಚಿಗೆ ದುಡ್ಡಿಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ. ಬಂಡಾಯಗಾರನ ಮಗನಿಗೂ ಕೆಲಸ ಸಿಕ್ಕಿತು.

ಪೂರ್ಣಯ್ಯನವರು ಪುಕ್ಕಟೆ ಧರ್ಮ ಮಾಡಲಿಲ್ಲ. ಹಳೆ ಸಿಪಾಯಿಯ ಬಗ್ಗೆ ಅವತ್ತಿನ ಸರ್ಕಾರಕ್ಕೆ ಭಯ ಇತ್ತು, ಅದಕ್ಕೇ ಅವನ ಹೊಟ್ಟೆಪಾಡಿನ ಯೋಚನೆನೂ ಇತ್ತು. ಇವತ್ತು ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಸೈನಿಕರು ನಿವೃತ್ತರಾಗ್ತಾರೆ, ಹೆಚ್ಚಿನವರು 50ರ ಒಳಗೇ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ 10% ಮೀಸಲು ಅಂತ ಇದೆ. ಆ ಸೀಟುಗಳೇ ಪೂರ್ತಿ ತುಂಬಲ್ಲ. ಇವರು ಶಿಸ್ತಿನ ಜನ. ಕುದುರೆ ಏರಿ ತುಂಗಭದ್ರೆ ದಾಟಲ್ಲ. ಯೂನಿಫಾರ್ಮ್ ಬದಲಿಸಿ ಸುಮ್ಮನೆ ನಮ್ಮ ಗೇಟಿಗೆ ಬರ್ತಾರೆ. ಯಾರಿಗೂ ಭಯ ಇಲ್ಲ, ಹಾಗಾಗಿ ಯಾರಿಗೂ ಯೋಚನೆನೂ ಇಲ್ಲ.

ನಮ್ಮ ಹವಾಲ್ದಾರ್ ಸೇನೆಯಲ್ಲಿ ಸ್ಟೋರ್ಸ್ ನೋಡ್ತಿದ್ದವರಂತೆ. ಒಂದು ಬೋಲ್ಟೂ ಲೆಕ್ಕ ತಪ್ಪಬಾರದು. 21 ವರ್ಷದಿಂದ ನಾವು ಬೆಂಗಳೂರಿನವರು ಅವರ ಹತ್ರ ಮಾಡಿಸಿದ್ದು ಗೇಟ್ ತೆಗೆಯೋ ಕೆಲಸ. ಅದನ್ನ ಕೇಳಿ ನನಗೇ ನಾಚಿಕೆಯಾಯ್ತು. ನಾನೂ ಮೂರು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಡೀಸೆಲ್, ನೀರಿನ ಟ್ಯಾಂಕರ್, ರಿಪೇರಿ ಲೆಕ್ಕ ಪ್ರತಿ ತಿಂಗಳೂ ಗೋಜಲು. 65ರ ಮಿತಿ ಇರೋದು ಗಾರ್ಡ್ ಕೆಲಸಕ್ಕೆ, ಲೆಕ್ಕ ಬರೆಯೋ ಕೆಲಸಕ್ಕಲ್ಲ.

ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇದೆ. ಕೇಳಿ ನೋಡ್ತೀನಿ.