ಕೆರೆಯ ದಂಡೆಯ ದಾರಿ

"ಹೆಣ್ಣುಮಕ್ಕಳಿಗೆ ಸೈಕಲ್ ಯಾಕೆ?" ಎಂದಿದ್ದರು ಅಪ್ಪ. ಕಲಿತದ್ದು ನಲವತ್ತೆಂಟರಲ್ಲಿ, ಮಗಳ ಕೈಲಿ. ಮೊದಲ ದೊಡ್ಡ ಸವಾರಿ ಹಳೇಬೀಡಿನಲ್ಲಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ ದ್ವಾರಸಮುದ್ರ ಕೆರೆಯ ಬಳಿಯಿಂದ ಹೊರಟೆ. 1121ರಲ್ಲಿ ಆರಂಭವಾದ ಹೊಯ್ಸಳೇಶ್ವರ, ಬಸದಿಹಳ್ಳಿಯ ಮೂರು ಬಸದಿಗಳು, ಆಮೇಲೆ ಕೇದಾರೇಶ್ವರ. 1219ರಲ್ಲಿ ಅದನ್ನು ಎರಡನೆಯ ವೀರಬಲ್ಲಾಳನೊಡನೆ ಕಟ್ಟಿಸಿದವಳು ರಾಣಿ ಅಭಿನವ ಕೇತಲದೇವಿ. ನಾನೋದಿದ ಶಾಲೆಯ ಪಾಠದಲ್ಲಿ ಬಲ್ಲಾಳನಿದ್ದ, ಅವಳಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಆ ಹೆಸರನ್ನು ಮಗಳಿಗೆ ಎರಡು ಸಲ ಹೇಳಿದೆ.

1311ರಲ್ಲಿ ಮಲಿಕ್ ಕಾಫರನ ಸೈನ್ಯ ಬಂತು. ಮುಂದೆ ರಾಜಧಾನಿ ಹಾಳಾಗಿ ಊರು ಹಳೆಯ ಬೀಡಾಯಿತು. ಕೆರೆ ಮಾತ್ರ ಇಂದಿಗೂ ಇದೆ.

ಮರಳುವಾಗ ಏರಿನಲ್ಲಿ ಉಸಿರು ಕಟ್ಟಿತು. "ಇಳಿದು ತಳ್ಳಮ್ಮ" ಎಂದಳು ಮಗಳು. ನಾನು ಇಳಿಯಲಿಲ್ಲ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರೋ, "ಜೋಪಾನ" ಎನ್ನುತ್ತಿದ್ದರೋ!