ಆಡಿದ ಮಾತು, ಬರೆದ ಹೇಳಿಕೆ: ತನಿಖಾ ದಾಖಲೆಯ ಪ್ರತಿ ಮತ್ತು ಆರೋಪಿಯ ಹಕ್ಕು

ಮೌಖಿಕ ನಿರೂಪಣೆಯು ಬರಹಕ್ಕಿಳಿಯುವಾಗ ಬರೆದುಕೊಳ್ಳುವವನ ಕೈಯಲ್ಲಿ ಸೋಸಲ್ಪಡುತ್ತದೆ ಎಂಬುದು ಜಾನಪದ ಅಧ್ಯಯನಕ್ಕೆ ಹಳೆಯ ಸಂಗತಿ. ಕಥೆ, ಲಾವಣಿಗಳ ಸಂಗ್ರಹದಲ್ಲಿ ಇದು ಪಾಠಾಂತರದ ಪ್ರಶ್ನೆ ಮಾತ್ರ. ಪೊಲೀಸ್ ತನಿಖೆಯಲ್ಲಿ ಅದು ಜೀವದ ಪ್ರಶ್ನೆ. ಸಾಕ್ಷಿಯು ತನ್ನ ಆಡುನುಡಿಯಲ್ಲಿ ಹೇಳಿದ್ದನ್ನು ಅಧಿಕಾರಿಯು ಠಾಣೆಯ ಭಾಷೆಯಲ್ಲಿ ಬರೆದುಕೊಳ್ಳುತ್ತಾನೆ. ಅದಕ್ಕೆ ಹೇಳಿದವನ ರುಜು ಪಡೆಯುವಂತಿಲ್ಲ. ಈ ಬರಹವನ್ನು ಆರೋಪಿಯು ಎಷ್ಟರಮಟ್ಟಿಗೆ ಓದಬಹುದು, ಬಳಸಬಹುದು ಎಂಬುದರ ಚರಿತ್ರೆ ದೀರ್ಘವಾದುದು.

1898ರ ದಂಡಪ್ರಕ್ರಿಯಾ ಸಂಹಿತೆಯ 162ನೆಯ ಕಲಮಿನಂತೆ, ಆರೋಪಿ ಕೋರಿದರೆ ನ್ಯಾಯಾಲಯವು ಹೇಳಿಕೆಯನ್ನು ತಾನು ನೋಡಬೇಕಿತ್ತು. ಪ್ರತಿ ಕೊಡಿಸುವುದು ಮಾತ್ರ ಅದರ ವಿವೇಚನೆಗೆ ಬಿಟ್ಟ ವಿಷಯ. 1923ರ ತಿದ್ದುಪಡಿಯು, ಕೆಲವು ನಿರ್ಬಂಧಗಳೊಡನೆ, ಕೋರಿದಾಗ ಪ್ರತಿ ಕೊಡಿಸುವುದನ್ನು ನ್ಯಾಯಾಲಯದ ಕರ್ತವ್ಯವಾಗಿಸಿತು. ವಿಚಾರಣೆಗೆ ಮುಂಚೆಯೇ ಉಚಿತವಾಗಿ ಪ್ರತಿಗಳನ್ನು ಒದಗಿಸುವ ನಿಯಮ ಬಂದದ್ದು ಸ್ವಾತಂತ್ರ್ಯಾನಂತರ, 1955ರ ತಿದ್ದುಪಡಿಯಲ್ಲಿ.

ಪ್ರತಿ ಕೈಸೇರಿದ ಮೇಲೆ ಎದುರಾದ ತೊಡಕನ್ನು ತಹಸೀಲ್ದಾರ್ ಸಿಂಗ್ ಪ್ರಕರಣ ತೋರಿಸುತ್ತದೆ. ಈತ ಚಂಬಲ್ ಕಣಿವೆಯ ಡಕಾಯಿತ ಮಾನ್ ಸಿಂಗನ ಮಗ. (ಅಲ್ಲಿನ ಜನಪದರು ತಂದೆಯನ್ನು ನೌಟಂಕಿಯ ನಾಯಕನಾಗಿಸಿಕೊಂಡಿದ್ದಾರೆ, ನ್ಯಾಯಾಲಯದ ಕಡತದಲ್ಲಿ ಕಾಣುವ ಚಿತ್ರ ಬೇರೆ.) 1954ರ ಜೂನ್ 16, ಹುಣ್ಣಿಮೆಯ ರಾತ್ರಿ. ಉತ್ತರ ಪ್ರದೇಶದ ನಯಾಪುರಾ ಗ್ರಾಮದ ಮನೆಯೊಂದರಲ್ಲಿ ಔತಣ. ಊಟದ ತರುವಾಯ ಬಾವಿಕಟ್ಟೆಯ ಮೇಲೆ ಹಾಡುಗಾರಿಕೆ ನಡೆದಿದ್ದಾಗ ತಂಡವು ಗುಂಡಿನ ದಾಳಿ ಮಾಡಿತು. ಪೊಲೀಸರ ಮಾಹಿತಿದಾರನೆಂದು ತಿಳಿಯಲಾಗಿದ್ದ ಅತಿಥಿಯೊಬ್ಬನೇ ಅದರ ಗುರಿ ಎಂಬುದು ಪ್ರಾಸಿಕ್ಯೂಷನ್ನಿನ ವಾದ. ಸತ್ತವರಲ್ಲಿ ಒಬ್ಬನನ್ನು ಅವನೆಂದೇ ಭ್ರಮಿಸಿ ಕೊಂದರೆಂದೂ ಹೇಳಲಾಯಿತು.

ರಾತ್ರಿಯಲ್ಲಿ ಮುಖ ಗುರುತಿಸಿದ ಸಾಕ್ಷ್ಯಕ್ಕೆ ಬೆಳಕೇ ಆಧಾರ. ಆದ್ದರಿಂದ ಆರೋಪಿ ಪರ ವಕೀಲರು ಸಾಕ್ಷಿಯನ್ನು, ಗ್ಯಾಸ್‌ಲೈಟ್ ಇದ್ದ ಸಂಗತಿಯನ್ನು ತನಿಖಾಧಿಕಾರಿಗೆ ತಿಳಿಸಿದ್ದೆಯಾ ಎಂದು ಕೇಳಿದರು. ತಂಡದವರು ಶವಗಳನ್ನು ಹೊರಳಿಸಿ ಮುಖ ಪರಿಶೀಲಿಸಿದ ಸಂಗತಿಯ ಬಗೆಗೂ ಇಂಥದೇ ಪ್ರಶ್ನೆ ಬಂತು. ಸೆಷನ್ಸ್ ನ್ಯಾಯಾಧೀಶರು ಇವನ್ನು ಅನುಮತಿಸಲಿಲ್ಲ, ಮರಣದಂಡನೆ ವಿಧಿಸಲಾಯಿತು.

1959ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ವಜಾಗೊಳಿಸಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್, ಹಿದಾಯತುಲ್ಲಾ ಅವರದು ಪ್ರತ್ಯೇಕ ತೀರ್ಪು. ಹೇಳಿಕೆಯಲ್ಲಿ ಒಂದು ಮಾತು ಇಲ್ಲವೆಂದಮಾತ್ರಕ್ಕೆ ಅದು ವೈರುಧ್ಯವಾಗದು, ಬರೆದ ಮಾತಿನಿಂದ ಅನಿವಾರ್ಯವಾಗಿ ಹೊರಡುವ ಅರ್ಥಕ್ಕೆ ವಿರುದ್ಧವಾಗಿರಬೇಕು ಎಂಬುದು ಬಹುಮತದ ನಿಲುವು. ತರ್ಕವಾಗಿ ಇದು ಬಿಗಿಯಾದುದೇ. ಆದರೆ ಬಿಟ್ಟುಹೋದ ಮಾತನ್ನು ಸಾಕ್ಷಿಯೇ ಆಡಲಿಲ್ಲವೋ, ಅಧಿಕಾರಿಯೇ ಬರೆದುಕೊಳ್ಳಲಿಲ್ಲವೋ ಎಂಬುದನ್ನು ರುಜುವಿಲ್ಲದ ಕಾಗದವೊಂದೇ ಹೇಳಲಾರದು. ತಹಸೀಲ್ದಾರ್ ಸಿಂಗನ ಗಲ್ಲುಶಿಕ್ಷೆಯನ್ನು ಮುಂದೆ ರಾಷ್ಟ್ರಪತಿಗಳು ಜೀವಾವಧಿಗೆ ಇಳಿಸಿದರು. ಸೆರೆಮನೆಯಿಂದ ಅವನು ವಿನೋಬಾ ಭಾವೆಯವರಿಗೆ ಬರೆದ ಪತ್ರವು 1960ರ ಚಂಬಲ್ ಶರಣಾಗತಿಗೆ ಪ್ರೇರಣೆಯಾಯಿತು.

1973ರ ಸಂಹಿತೆಯು 162ನೆಯ ಕಲಮಿಗೆ ವಿವರಣೆಯೊಂದನ್ನು ಸೇರಿಸಿ, ಸಂದರ್ಭಾನುಸಾರ ಮಹತ್ತ್ವದ ಲೋಪವೂ ವೈರುಧ್ಯವಾಗಬಹುದೆಂದು ಒಪ್ಪಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಆ ವಿವರಣೆಯನ್ನು ಉಳಿಸಿಕೊಂಡಿದೆ. ಆರೋಪಿ ಹಾಜರಾದ 14 ದಿನಗಳೊಳಗೆ ಪ್ರತಿಗಳನ್ನು ಕೊಡಬೇಕೆಂದೂ ವಿಧಿಸಿದೆ. ತನಿಖಾಧಿಕಾರಿಯ ದಿನಚರಿ ಮಾತ್ರ ಇಂದಿಗೂ ಆರೋಪಿಗೆ ಮುಚ್ಚಿದ ಪುಸ್ತಕ: ಅಧಿಕಾರಿಯು ನೆನಪು ತಾಜಾಗೊಳಿಸಲು ಅದನ್ನು ನೋಡಿದಾಗ, ಇಲ್ಲವೇ ಅವನ ಮಾತನ್ನು ಅಲ್ಲಗಳೆಯಲು ನ್ಯಾಯಾಲಯವೇ ಅದನ್ನು ಬಳಸಿದಾಗ ಹೊರತು ಆರೋಪಿಗಾಗಲಿ ಅವನ ವಕೀಲನಿಗಾಗಲಿ ಅದನ್ನು ನೋಡುವ ಹಕ್ಕಿಲ್ಲ.