ದಾನಚಿಂತಾಮಣಿಯ ಹೆಸರು ಮತ್ತು ಕೊಪಣ

ಹಿರಿಯರ ಹೆಸರಿನಲ್ಲಿ ಪ್ರಶಸ್ತಿಯನ್ನೋ ಸಂಸ್ಥೆಯನ್ನೋ ಸ್ಥಾಪಿಸಿದಾಗ ಅವರ ಸ್ಮರಣೆ ಸ್ಥಿರವಾಯಿತೆಂದು ನಾವು ಸಮಾಧಾನಗೊಳ್ಳುತ್ತೇವೆ. ಆದರೆ ಕಾಲಕ್ರಮದಲ್ಲಿ ಹೆಸರು ಉಳಿದು ವ್ಯಕ್ತಿ ಮರೆಯಾಗುವುದೂ ಉಂಟು. 1987ರಲ್ಲಿ ಕುವೆಂಪು ಅವರಿಗೆ ಸಂದ ಪಂಪ ಪ್ರಶಸ್ತಿಯ ಬಗ್ಗೆ ಪಂಪನು ಯಾರೆಂದು ಯಾರೂ ಕೇಳುವುದಿಲ್ಲ. ಮಹಿಳೆಯರ ಸಾಹಿತ್ಯ ಸಾಧನೆಗೆ ಕರ್ನಾಟಕ ಸರ್ಕಾರವು ನೀಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯ ಮಾತು ಹಾಗಲ್ಲ. ಅತ್ತಿಮಬ್ಬೆಯು ಕವಯಿತ್ರಿಯಾಗಿದ್ದಳೆಂದು ಭಾವಿಸಿದವರು ನಮ್ಮಲ್ಲಿಯೂ ಇದ್ದಾರೆ. ಆಕೆಯ ಕೀರ್ತಿ ಬರೆದುದರಿಂದ ಬಂದುದಲ್ಲ, ಬರೆಯಿಸಿದುದರಿಂದ ಬಂದುದು.

ಆಕೆ ದಂಡನಾಯಕ ಮಲ್ಲಪನ ಮಗಳು. ಆಕೆಯೂ ತಂಗಿ ಗುಂಡಮಬ್ಬೆಯೂ ಚಾಲುಕ್ಯ ತೈಲಪನ ಸೇನಾನಿಯಾದ ನಾಗದೇವನ ಕೈಹಿಡಿದರು. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕುಳಿದು ವ್ರತನಿಯಮಗಳಲ್ಲಿಯೂ ದಾನದಲ್ಲಿಯೂ ಬಾಳನ್ನು ಸವೆಸಿದಳು. ಸಾವನ್ನು ವೈಭವೀಕರಿಸುವ ಕಾಲದಲ್ಲಿ ಬದುಕನ್ನು ಆರಿಸಿಕೊಂಡ ಈ ನಿರ್ಧಾರವು ಸಾಮಾನ್ಯವಾದುದಲ್ಲ ಎಂಬುದು ನನ್ನ ಅಭಿಪ್ರಾಯ.

ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಪೊನ್ನನಿಗೆ ಆಶ್ರಯವಿತ್ತ ರಾಷ್ಟ್ರಕೂಟರ ಮಾನ್ಯಖೇಟವು 972ರಲ್ಲಿ ಪರಮಾರರ ಲೂಟಿಗೆ ಗುರಿಯಾಯಿತು. ಮರುವರ್ಷವೇ ರಾಜ್ಯವು ತೈಲಪನ ಕೈಸೇರಿತು. ಆಸ್ಥಾನವೇ ಅಳಿದ ಮೇಲೆ ಕಾವ್ಯದ ಗತಿಯೇನು? ಅತ್ತಿಮಬ್ಬೆ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲವದು. ತಾಳೆಗರಿಯನ್ನು ಹದಮಾಡಿ, ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿ ತೀಡಿ ಓದುವಂತೆ ಮಾಡಬೇಕು. ಒಂದು ಪ್ರತಿಯ ತಪ್ಪು ಮುಂದಿನ ಪ್ರತಿಗೂ ಹರಿಯದಂತೆ ಎಚ್ಚರ ವಹಿಸಬೇಕು. ಇಂತಹ ಶ್ರಮ ಸಾವಿರ ಸಲ! ರತ್ನಖಚಿತವಾದ 1500 ಜಿನಬಿಂಬಗಳನ್ನು ಮಾಡಿಸಿದ ಕಥೆಯನ್ನೂ, ಗೋದಾವರಿಯ ಪ್ರವಾಹ ಆಕೆಗೆ ಮಣಿದ ಪವಾಡವನ್ನೂ ನಾವು ಭಕ್ತಿಯಿಂದ ಹೇಳುತ್ತೇವೆ. ಈ ಲೇಖಕನಿಗೆ ಸಾವಿರ ಓಲೆಕಟ್ಟುಗಳೇ ದೊಡ್ಡ ಪವಾಡವೆನಿಸುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಕೊನೆಯದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಇಂದಿನ ದಾನದ ರೀತಿ ಬೇರೆ. ಬಸದಿಯ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಎಷ್ಟು ದಪ್ಪವಾಗಿರುತ್ತದೆಂದರೆ ಬೆಳಕು ಹೊರಬರಲು ಎಡೆಯೇ ಇರುವುದಿಲ್ಲ. ಹೆಸರು ಬೇಡವೆನ್ನುವುದು ನನ್ನ ವಾದವಲ್ಲ. ದಾನಚಿಂತಾಮಣಿಯೆಂಬ ಬಿರುದನ್ನು ಅತ್ತಿಮಬ್ಬೆಯೂ ಪಡೆದಳು. ಆದರೆ ಅದನ್ನು ಕೊಟ್ಟವರು ಇತರರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಯಾವುದೇ ಬಸದಿಯಲ್ಲಿ ಅಥವಾ ಶ್ರಾವಕರ ಮನೆಯಲ್ಲಿ ಹಳೆಯ ಓಲೆಕಟ್ಟು ಇದ್ದರೆ ಅದನ್ನು ಗೆದ್ದಲಿನಿಂದ ಕಾಪಾಡಿ, ಛಾಯಾಪ್ರತಿ ತೆಗೆಸುವ ಖರ್ಚು ಒಂದು ಕಮಾನಿನ ಖರ್ಚಿಗಿಂತ ಕಡಿಮೆ. ಟ್ರಸ್ಟುಗಳವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು.

ನಮ್ಮ ಸೀಮೆಗೆ ಅತ್ತಿಮಬ್ಬೆಯ ನಂಟು ಇನ್ನೊಂದು ಬಗೆಯದು. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಆಕೆಯ ಚರಿತೆಯ ಪಾವಿತ್ರ್ಯವನ್ನು ಹೇಳಲು ಹೋಲಿಕೆಗಳನ್ನು ಅರಸಿದಾಗ ಬಿಳಿಯ ಅರಳೆ, ಗಂಗೆಯ ನೀರು, ಅಜಿತಸೇನ ಮುನಿಗಳ ಗುಣಗಳೊಡನೆ ಕೊಪಣಾಚಲವನ್ನೂ ಹೆಸರಿಸಿದನು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಶ್ರಾವಿಕೆಗೆ ಅಳತೆಗೋಲಾದುದು ಕೊಪ್ಪಳದ ಬೆಟ್ಟ! ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವೂ ಇದೇ. ವರಾಂಗಚರಿತವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳು ಇಲ್ಲಿಯ ಬಂಡೆಯ ಮೇಲಿವೆ. ಅಲ್ಲಿರುವ ಚಿಕ್ಕ ಶಾಸನದಲ್ಲಿ ಆಚಾರ್ಯರ ಹೆಸರು ಮೊದಲು ಬರುತ್ತದೆ. ಅದನ್ನು ಮಾಡಿಸಿದ ಚಾವಯ್ಯನ ಹೆಸರು ಆಮೇಲೆ.